ವಿಡಿಯೊ ಒಂದು, ದೇಶ ಹಲವು: ಕೃತಕ ಬುದ್ಧಿಮತ್ತೆಗೆ ಲಗಾಮು ಹಾಕುವವರಾರು?

2023ರ ನವೆಂಬರ್ 1 ಮತ್ತು 2ರಂದು ಇಂಗ್ಲೆಂಡಿನ ಬ್ಲೆಚ್‌ಲಿ ಪಾರ್ಕ್‌ನಲ್ಲಿ ನಡೆದ ಶೃಂಗಸಭೆಯಲ್ಲಿ ಭಾರತ, ಚೀನಾ, ಅಮೆರಿಕ ಸೇರಿದಂತೆ 28 ದೇಶಗಳು ಹಾಗೂ ಐರೋಪ್ಯ ಒಕ್ಕೂಟವು ಕೃತಕ ಬುದ್ಧಿಮತ್ತೆಯ (ಎಐ) ಅಪಾಯಗಳನ್ನು ಒಟ್ಟಾಗಿ ಎದುರಿಸುವ ಘೋಷಣೆಗೆ ಸಮ್ಮತಿಸಿದವು. ಅದಾಗಿ ವಾರ ಕಳೆಯುವ ಮೊದಲೇ ಕೊಡಗು ಮೂಲದ ನಟಿ ರಶ್ಮಿಕಾ ಮಂದಣ್ಣ ಅವರ ನಕಲಿ ವಿಡಿಯೊವೊಂದು ದೇಶದಾದ್ಯಂತ ಹರಿದಾಡಿತು.

ಆ ವಿಡಿಯೊದ ಜಾಡು ಹಿಡಿದರೆ ಸಮಸ್ಯೆಯ ಸ್ವರೂಪ ತಿಳಿಯುತ್ತದೆ. ಮೂಲ ದೃಶ್ಯದಲ್ಲಿದ್ದವರು ಭಾರತೀಯ ಮೂಲದ ಬ್ರಿಟಿಷ್ ಮಹಿಳೆ. ಅವರ ಮುಖವಿದ್ದಲ್ಲಿ ನಟಿಯ ಮುಖವನ್ನು ಕೂರಿಸಲಾಗಿತ್ತು. ಅದು ಹರಡಿದ್ದು ಅಮೆರಿಕದ ಕಂಪನಿಗಳ ಜಾಲತಾಣಗಳಲ್ಲಿ. ಪ್ರಕರಣ ದಾಖಲಾದದ್ದು ದೆಹಲಿಯಲ್ಲಿ. 2024ರ ಜನವರಿಯಲ್ಲಿ ಆರೋಪಿ ಯುವಕ ಸಿಕ್ಕಿಬಿದ್ದದ್ದು ಆಂಧ್ರಪ್ರದೇಶದಲ್ಲಿ. ಅಭಿಮಾನಿ ಪುಟದ ಅನುಯಾಯಿಗಳನ್ನು ಹೆಚ್ಚಿಸಿಕೊಳ್ಳಲು ಆತ ಈ ಕೃತ್ಯ ಎಸಗಿದ್ದನೆಂದು ಪೊಲೀಸರು ತಿಳಿಸಿದ್ದರು.

ಖ್ಯಾತ ನಟಿಯ ಪರವಾಗಿ ಇಡೀ ದೇಶವೇ ದನಿಯೆತ್ತಿತು. ಆದರೆ ಕೊಡಗಿನ ಗಡಿಗೆ ಹೊಂದಿಕೊಂಡ ಸುಳ್ಯ ತಾಲೂಕಿನ ಕೊಲ್ಲಮೊಗ್ರುವಿನಂಥ ಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ಇಂಥದೇ ಕೃತ್ಯಕ್ಕೆ ಗುರಿಯಾದರೆ ಅವಳ ನೆರವಿಗೆ ಬರುವ ಕಾನೂನು ಯಾವುದು?

ದೇಶಕ್ಕೊಂದು ದಾರಿ

2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಕಾಯ್ದೆಯು ಎಐ ಬಳಕೆಯನ್ನು ಅಪಾಯದ ಪ್ರಮಾಣಕ್ಕೆ ಅನುಗುಣವಾಗಿ ವಿಂಗಡಿಸುತ್ತದೆ. ನಿಷೇಧಿತ ಬಳಕೆಗೆ 3.5 ಕೋಟಿ ಯೂರೊ ಅಥವಾ ಕಂಪನಿಯ ಜಾಗತಿಕ ವಾರ್ಷಿಕ ವಹಿವಾಟಿನ ಶೇ. 7, ಇವೆರಡರಲ್ಲಿ ಹೆಚ್ಚಿನ ಮೊತ್ತದವರೆಗೆ ದಂಡ ವಿಧಿಸಬಹುದು. ಚೀನಾ 2025ರ ಸೆಪ್ಟೆಂಬರ್ 1ರಿಂದ ಎಐ ಸೃಷ್ಟಿಗಳಿಗೆ ಗುರುತುಪಟ್ಟಿ ಕಡ್ಡಾಯಗೊಳಿಸಿದೆ. ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಅಂಗೀಕೃತವಾದ ಕಾಯ್ದೆಯ ಪ್ರಕಾರ, ಸಮ್ಮತಿಯಿಲ್ಲದೆ ಪ್ರಕಟಿಸಿದ ಖಾಸಗಿ ದೃಶ್ಯಗಳನ್ನು, ಅವು ಎಐ ನಿರ್ಮಿತವಾಗಿದ್ದರೂ, ದೂರು ಬಂದ 48 ಗಂಟೆಗಳೊಳಗೆ ತೆಗೆದುಹಾಕಬೇಕು.

ಭಾರತದಲ್ಲಿ ಎಐಗೆ ಪ್ರತ್ಯೇಕ ಕಾಯ್ದೆಯಿಲ್ಲ. ಇರುವ ಕಾನೂನುಗಳನ್ನೇ ಬಳಸಿಕೊಳ್ಳುವ ನಿಲುವನ್ನು ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ತಳೆದಿದೆ. 2026ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ಮಾಹಿತಿ ತಂತ್ರಜ್ಞಾನ ನಿಯಮಗಳು ಎಐ ನಿರ್ಮಿತ ದೃಶ್ಯ, ಧ್ವನಿಗಳಿಗೆ ಗುರುತುಪಟ್ಟಿ ಕಡ್ಡಾಯಗೊಳಿಸಿವೆ. ನ್ಯಾಯಾಲಯ ಅಥವಾ ಸರ್ಕಾರ ಆದೇಶಿಸಿದರೆ 3 ಗಂಟೆಗಳೊಳಗೆ ಅಕ್ರಮ ವಿಷಯವನ್ನು ಜಾಲತಾಣಗಳು ತೆಗೆಯಬೇಕು.

ಒಪ್ಪಂದದ ಕೊರತೆ

ಒಂದು ದೇಶದ ನಿಯಮ ಇನ್ನೊಂದು ದೇಶದಲ್ಲಿ ತಯಾರಾದ ತಂತ್ರಾಂಶವನ್ನು ಸುಲಭವಾಗಿ ಮುಟ್ಟದು. 2025ರ ಫೆಬ್ರವರಿಯಲ್ಲಿ ಭಾರತದ ಸಹ ಅಧ್ಯಕ್ಷತೆಯಲ್ಲಿ ನಡೆದ ಪ್ಯಾರಿಸ್ ಶೃಂಗಸಭೆಯ ಘೋಷಣೆಗೆ ಅಮೆರಿಕ ಮತ್ತು ಬ್ರಿಟನ್ ಸಹಿ ಹಾಕಲಿಲ್ಲ. ಯುರೋಪ್ ಮಂಡಳಿಯ ನೇತೃತ್ವದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಸಹಿಗೆ ತೆರೆದ ಒಪ್ಪಂದವು ಕಾನೂನಿನ ಬಲವುಳ್ಳ ಮೊದಲ ಅಂತಾರಾಷ್ಟ್ರೀಯ ಎಐ ಒಪ್ಪಂದವಾದರೂ ಭಾರತ ಅದಕ್ಕೆ ಸಹಿ ಹಾಕಿಲ್ಲ. ವಿಶ್ವಸಂಸ್ಥೆಯು 2025ರ ಆಗಸ್ಟ್‌ನಲ್ಲಿ 40 ಸದಸ್ಯರ ವೈಜ್ಞಾನಿಕ ಸಮಿತಿಯ ರಚನೆಗೆ ತೀರ್ಮಾನಿಸಿತು. ಸಮಿತಿ ಅಪಾಯಗಳನ್ನು ಅಳೆಯಬಹುದು. ದಂಡ ವಿಧಿಸುವ ಅಧಿಕಾರ ಅದಕ್ಕಿಲ್ಲ.

ಈ ಕೊರತೆಯ ಭಾರ ಕೊನೆಗೆ ಬೀಳುವುದು ನೊಂದವರ ಮೇಲೆಯೇ. ಅವರು ವಿಡಿಯೊದ ಕೊಂಡಿ ಹಾಗೂ ತೆರೆಚಿತ್ರವನ್ನು ಉಳಿಸಿಕೊಂಡು, ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಮತ್ತು ಪೊಲೀಸರಿಗೆ ತಡಮಾಡದೆ ದೂರು ನೀಡಬೇಕು. 1930 ಸಹಾಯವಾಣಿಯೂ ಇದೆ. ದೂರು ತಲುಪುವವರೆಗೆ ಗಡುವಿನ ಗಡಿಯಾರ ಓಡುವುದಿಲ್ಲ.

ಅರೆಭಾಷೆ, ತುಳು ಆಡುವ ಈ ಸೀಮೆಯಲ್ಲಿ ಮತ್ತೊಂದು ಪ್ರಶ್ನೆಯೂ ಉಳಿಯುತ್ತದೆ. ಅರೆಭಾಷೆಯಲ್ಲಿ ಯಾರದೋ ದನಿಯನ್ನು ನಕಲು ಮಾಡಿ ಹರಿಬಿಟ್ಟರೆ ಅದನ್ನು ಕೇಳಿ ಅರ್ಥಮಾಡಿಕೊಳ್ಳಬಲ್ಲ ಪರಿಶೀಲಕರು ದೂರದ ಕಂಪನಿಗಳಲ್ಲಿ ಇದ್ದಾರೆಯೇ? ಶೃಂಗಸಭೆಗಳ ಘೋಷಣೆಗಳಿಗೆ ಬೆಲೆ ಬರುವುದು ಈ ಪ್ರಶ್ನೆಗೂ ಉತ್ತರ ದೊರೆತಾಗಲೇ.