ಉಪಾಧ್ಯಾಯರ ದುಡಿಮೆಯ ವೇಳೆ

“ಉಪಾಧ್ಯಾಯರಿಗೇನು? ಹತ್ತಕ್ಕೆ ಹೋಗಿ ನಾಲ್ಕಕ್ಕೆ ಬರುವ ಕೆಲಸ, ಮೇಲಾಗಿ ದಸರೆಗೆ ರಜ, ಬೇಸಗೆಗೆ ರಜ” ಎಂಬ ಮಾತು ನಮ್ಮ ಮೈಸೂರಿನ ಮನೆಗಳಲ್ಲಿ ಆಗಾಗ್ಗೆ ಕೇಳಿಬರುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಲೆಕ್ಕವಿಟ್ಟು ನೋಡುವುದು ಯುಕ್ತವಾಗಿದೆ.

2009ರ ಶಿಕ್ಷಣ ಹಕ್ಕಿನ ಕಾಯಿದೆಯು ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಪಾಠವನ್ನೂ, ಆರರಿಂದ ಎಂಟರವರೆಗೆ 220 ದಿನ, 1000 ಗಂಟೆಗಳ ಪಾಠವನ್ನೂ ಕನಿಷ್ಠವೆಂದು ವಿಧಿಸಿದೆ. ಎಂದರೆ ದಿನಕ್ಕೆ ನಾಲ್ಕು ಅಥವಾ ನಾಲ್ಕೂವರೆ ಗಂಟೆ. ಇಷ್ಟೇ ನಮ್ಮ ಕಣ್ಣಿಗೆ ಬೀಳುವುದು. ಆದರೆ ಅದೇ ಕಾಯಿದೆಯು ಉಪಾಧ್ಯಾಯರ ದುಡಿಮೆಯನ್ನು, ಪಾಠದ ಸಿದ್ಧತೆಯೂ ಸೇರಿದಂತೆ, ವಾರಕ್ಕೆ ಕನಿಷ್ಠ 45 ಗಂಟೆಗಳೆಂದು ಗೊತ್ತುಮಾಡಿದೆ. ವಾರಕ್ಕೆ ಆರು ದಿನವೆಂದು ಹಿಡಿದರೂ ಹದಿನೆಂಟಿಪ್ಪತ್ತು ಗಂಟೆಗಳ ಕೆಲಸ ನಮಗೆ ಕಾಣದೆ ನಡೆಯುತ್ತದೆ.

ಮಾನಸಗಂಗೋತ್ರಿಯ ಅಧ್ಯಾಪಕರ ಲೆಕ್ಕವೇ ಬೇರೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮದಂತೆ ವಾರದ 40 ಗಂಟೆಗಳಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ 16, ಪ್ರಾಧ್ಯಾಪಕರಿಗೆ 14 ಗಂಟೆಗಳ ನೇರ ಬೋಧನೆ. ಓದು, ಸಂಶೋಧನೆಗಳಿಗೆ ಅವಕಾಶವಿರಬೇಕಾದುದು ನ್ಯಾಯವೇ. ಆದರೆ ಎಳೆಯರ ಕೈಹಿಡಿದು ಅಕ್ಷರ ತಿದ್ದಿಸುವವರಿಗೆ ಆ ಬಿಡುವು ಬೇಡವೆ?

ಸ್ಕಾಟ್ಲೆಂಡಿನಲ್ಲಿ 2001ರಲ್ಲಾದ ಒಪ್ಪಂದವು ಈ ಭೇದವನ್ನೆಣಿಸಲಿಲ್ಲ. ಪ್ರಾಥಮಿಕ ಶಾಲೆಯಿರಲಿ, ಪ್ರೌಢಶಾಲೆಯಿರಲಿ, ವಾರದ 35 ಗಂಟೆಗಳಲ್ಲಿ ತರಗತಿಯ ಬೋಧನೆ ಇಪ್ಪತ್ತೆರಡೂವರೆ ಗಂಟೆಯನ್ನು ಮೀರಬಾರದೆಂದು ಅದು ಗುರಿಯಿಟ್ಟಿತು. ಜಪಾನಿನ ಕಥೆಯು ಇದಕ್ಕೆ ವಿರುದ್ಧ. 2018ರ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಅಲ್ಲಿನ ಮಾಧ್ಯಮಿಕ ಶಾಲೆಯ ಉಪಾಧ್ಯಾಯರು ವಾರಕ್ಕೆ 56 ಗಂಟೆ ದುಡಿಯುವರೆಂದೂ, ಅದರಲ್ಲಿ ಪಾಠಕ್ಕೆ ದೊರೆಯುವುದು 18 ಗಂಟೆ ಮಾತ್ರವೆಂದೂ ತಿಳಿದುಬಂದಿತು. ಮಿಕ್ಕುದನ್ನು ಮಕ್ಕಳ ಆಟದ ಸಂಘಗಳು, ಬರವಣಿಗೆಯ ಕೆಲಸ ಮುಂತಾದವು ನುಂಗುತ್ತಿದ್ದುವು.

ನಮ್ಮಲ್ಲಿಯೂ ನುಂಗುವ ಬಾಯಿಗಳಿವೆ. ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ, ಇವುಗಳಿಗೆ ಉಪಾಧ್ಯಾಯರನ್ನು ಕರೆಯಲು ಕಾಯಿದೆಯೇ ಎಡೆಗೊಟ್ಟಿದೆ. 2025ರಲ್ಲಿ ರಾಜ್ಯದ ಸಾಮಾಜಿಕ ಹಾಗೂ ಶೈಕ್ಷಣಿಕ ಸಮೀಕ್ಷೆಯು ದಸರೆಯ ರಜೆಯಲ್ಲಿಯೇ ನಡೆಯಿತು. ಊರೆಲ್ಲ ದೀಪಾಲಂಕಾರವನ್ನು ನೋಡುತ್ತಿದ್ದಾಗ ಉಪಾಧ್ಯಾಯರು ಮನೆಮನೆಯ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುತ್ತಿದ್ದರು. ಅವರ ರಜೆಯನ್ನು ಕಂಡು ಕರುಬಿದವರ ಮನೆಗೂ ಅವರು ಹೋಗಿರಬೇಕು.

ಗಂಟೆಗಳು ಹೆಚ್ಚಿದ ಮಾತ್ರಕ್ಕೆ ವಿದ್ಯೆ ಹೆಚ್ಚುವುದಿಲ್ಲ. ಉಪಾಧ್ಯಾಯರಿಂದ ನಾವು ಕಸಿದುಕೊಳ್ಳುವ ಒಂದೊಂದು ಗಂಟೆಯೂ ನಮ್ಮ ಮಗುವಿನ ಪಾಠದಿಂದ ಕಸಿದುಕೊಂಡುದೇ. ಮಕ್ಕಳೊಂದಿಗರು ಇದನ್ನು ಮರೆಯದಿದ್ದರೆ, ಜಗಲಿಯ ಮಾತಾದರೂ ಬದಲಾದೀತು.