ಆನ್‌ಲೈನ್ ಪಾಠ: ಒಪ್ಪಿದ್ದೋ, ಒಗ್ಗಿಕೊಂಡದ್ದೋ?

ಎಂ.ಕಾಂ., ಎಂ.ಬಿ.ಎ., ಎಂ.ಎಡ್. ಓದುವವರಲ್ಲಿ ಈಗ ಒಂದು ಸಂಶೋಧನಾ ವಿಷಯ ಬಹಳ ಚಾಲ್ತಿಯಲ್ಲಿದೆ. ಅದರ ಹೆಸರು ‘ತಂತ್ರಜ್ಞಾನದ ಸ್ವೀಕಾರ’. ದಿಲ್ಲಿ, ನೋಯ್ಡಾ, ಗುರುಗ್ರಾಮ, ಗಾಜಿಯಾಬಾದ್, ಫರೀದಾಬಾದ್ ಈ ಸುತ್ತಿನ ಕಾಲೇಜುಗಳ ವಿದ್ಯಾರ್ಥಿಗಳು ಆನ್‌ಲೈನ್ ಪಾಠವನ್ನು ಎಷ್ಟರ ಮಟ್ಟಿಗೆ ಸ್ವೀಕರಿಸಿದ್ದಾರೆ ಎಂದು ಅಳೆಯುವ ಪ್ರಶ್ನಾವಳಿಗಳು, ಇಲ್ಲಿ ಓದುತ್ತಿರುವ ನನ್ನ ಫೋನಿಗೂ ಆಗಾಗ ಬಂದು ಬೀಳುತ್ತವೆ. ‘ಆನ್‌ಲೈನ್ ತರಗತಿ ನನ್ನ ಕಲಿಕೆಗೆ ಉಪಯುಕ್ತ’, ‘ಅದನ್ನು ಬಳಸುವುದು ನನಗೆ ಸುಲಭ’ ಇಂಥ ಇಪ್ಪತ್ತು ಮೂವತ್ತು ವಾಕ್ಯಗಳು. ಒಂದೊಂದರ ಮುಂದೆಯೂ ಐದು ಗುಂಡಿಗಳು. ‘ಪೂರ್ತಿ ಒಪ್ಪುತ್ತೇನೆ’ ಎಂಬುದರಿಂದ ಹಿಡಿದು ‘ಒಪ್ಪುವುದೇ ಇಲ್ಲ’ ಎಂಬುದರವರೆಗೆ ಒಂದನ್ನು ಒತ್ತಿದರೆ ಆಯಿತು.

ಈ ಸಂಶೋಧನೆ ಎಲ್ಲಿಂದ ಬಂತು, ಏನನ್ನು ಅಳೆಯುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಅಂತ ನನಗೆ ತಿಳಿದಷ್ಟನ್ನು ನಮ್ಮ ಸಂಘದ ಗೆಳೆಯರ ಮುಂದೆ ಇಡೋಣ ಅನ್ನಿಸಿತು. ಇದು ವಾಣಿಜ್ಯದವರ ವಿಷಯ, ಕನ್ನಡ ಓದುವ ನಮಗೇಕೆ ಎಂದು ಮೂಗು ಮುರಿಯಬೇಡಿ. ಇದರ ನಡುವೆ ಒಂದು ಶಬ್ದದ ಜಗಳವಿದೆ. ಶಬ್ದದ ಜಗಳ ನಮ್ಮದೇ ತಾನೆ?

ಕಥೆ ಶುರುವಾಗುವುದು ಕಾಲೇಜಿನಲ್ಲಲ್ಲ, ಆಫೀಸಿನಲ್ಲಿ. 1980ರ ದಶಕದಲ್ಲಿ ಅಮೆರಿಕದ ಕಂಪನಿಗಳು ದುಡ್ಡು ಸುರಿದು ಕಂಪ್ಯೂಟರುಗಳನ್ನು ತಂದವು. ಆದರೆ ಎಷ್ಟೋ ಕಡೆ ನೌಕರರು ಅವನ್ನು ಮುಟ್ಟಲೊಲ್ಲರು. ಯಾಕೆ? ಎಂ.ಐ.ಟಿ.ಯಲ್ಲಿ ಡಾಕ್ಟರೇಟ್ ಮಾಡಿದ ಫ್ರೆಡ್ ಡೇವಿಸ್ ಎಂಬಾತ ಇದಕ್ಕೆ ಉತ್ತರ ಹುಡುಕಿ 1989ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಹೊಸ ಯಂತ್ರ ಎದುರಿಗೆ ಬಂದಾಗ ಮನುಷ್ಯ ಮನಸ್ಸಿನಲ್ಲೇ ಎರಡು ಪ್ರಶ್ನೆ ಕೇಳಿಕೊಳ್ಳುತ್ತಾನೆ ಎಂಬುದು ಅವನ ವಾದ. ಇದರಿಂದ ನನಗೆ ಉಪಯೋಗವಿದೆಯೇ? ಇದನ್ನು ಬಳಸುವುದು ಸಲೀಸೇ? ಟೊರಾಂಟೊದ ಐ.ಬಿ.ಎಂ. ಪ್ರಯೋಗಾಲಯದ 112 ನೌಕರರು, ಬಾಸ್ಟನ್ ವಿಶ್ವವಿದ್ಯಾನಿಲಯದಲ್ಲಿ ಸಂಜೆ ಹೊತ್ತು ಎಂ.ಬಿ.ಎ. ಓದುತ್ತಿದ್ದ 40 ಮಂದಿ, ಒಟ್ಟು 152 ಜನರನ್ನು ಕೇಳಿ ಅವನು ಕಂಡುಕೊಂಡದ್ದಿಷ್ಟು: ಎರಡೂ ಮುಖ್ಯವೇ, ಆದರೆ ಸಲೀಸಿಗಿಂತ ಉಪಯೋಗದ ತೂಕ ಹೆಚ್ಚು.

ಇದು ನಮ್ಮ ಅನುಭವಕ್ಕೂ ಹೊಂದುತ್ತದೆ. ‘ನುಡಿ’ಯಲ್ಲಿ ಕನ್ನಡ ಟೈಪ್ ಮಾಡಲು ಕಲಿತವರನ್ನು ಕೇಳಿ. ಮೊದಲ ವಾರ ಬೆರಳು ತಡವರಿಸುತ್ತದೆ, ಒತ್ತಕ್ಷರ ಎಲ್ಲೋ ಹೋಗಿ ಕೂರುತ್ತದೆ. ಆದರೂ ಪ್ರಬಂಧ ಒಪ್ಪಿಸಬೇಕಾದವನು ಕಲಿತೇ ಕಲಿಯುತ್ತಾನೆ. ಕೆಲಸಕ್ಕೆ ಬರುತ್ತದೆ ಅನ್ನಿಸಿದರೆ ಜನ ಕಷ್ಟವನ್ನೂ ಸಹಿಸುತ್ತಾರೆ. ಕೆಲಸಕ್ಕೆ ಬಾರದ್ದು ಎಷ್ಟೇ ಸುಲಭವಾಗಿದ್ದರೂ ಮೂಲೆ ಸೇರುತ್ತದೆ.

ಮುಂದೆ 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಎಂಬುವರು, ಡೇವಿಸನೂ ಸೇರಿದಂತೆ ಇನ್ನು ಮೂವರ ಜೊತೆಗೂಡಿ, ಅಷ್ಟರಲ್ಲಿ ಬಂದಿದ್ದ ಎಂಟು ಸಿದ್ಧಾಂತಗಳನ್ನು ಕಲಸಿ ಒಂದು ಮಾಡಿದರು. ಅದರ ಪ್ರಕಾರ ಕಾರಣಗಳು ನಾಲ್ಕು: ಸಿಗುವ ಫಲ, ಪಡಬೇಕಾದ ಶ್ರಮ, ಸುತ್ತಲಿನವರ ಒತ್ತಾಯ, ಮತ್ತು ಅನುಕೂಲ. ಅನುಕೂಲವೆಂದರೆ ಯಂತ್ರ, ಸಂಪರ್ಕ, ಕೆಟ್ಟರೆ ಬಂದು ನೋಡುವವರು ಇತ್ಯಾದಿ. ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಮೊದಲ ಮೂರು ಕಾರಣಗಳು ಮನುಷ್ಯನ ಇರಾದೆಯನ್ನು ರೂಪಿಸುತ್ತವೆ. ನಾಲ್ಕನೆಯದು ಹಾಗಲ್ಲ; ಅದು ನೇರವಾಗಿ ಬಳಕೆಯ ಮೇಲೆಯೇ ಕೆಲಸ ಮಾಡುತ್ತದೆ. ಅಂದರೆ ಮನಸ್ಸು ಎಷ್ಟೇ ಇರಲಿ, ಅನುಕೂಲವಿಲ್ಲದಿದ್ದರೆ ಬಳಕೆ ನಿಂತುಹೋಗುತ್ತದೆ. ಮನಸ್ಸಿದ್ದರೆ ಮಾರ್ಗ ಅಂತ ನಾವು ಹೇಳುತ್ತೇವಲ್ಲ, ಈ ಸಂಶೋಧನೆ ಅದನ್ನು ಅರ್ಧ ಮಾತ್ರ ಒಪ್ಪುತ್ತದೆ!

ಈಗ ದಿಲ್ಲಿಗೆ ಬರೋಣ. ತರಗತಿಗೆ ಬಾರದೆ ಕಲಿಯುವುದು ಈ ಊರಿಗೆ ಹೊಸದೇನಲ್ಲ. ದಿಲ್ಲಿ ವಿಶ್ವವಿದ್ಯಾನಿಲಯ 1962ರಲ್ಲೇ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. (ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅದು ಬಂದದ್ದು 1969ರಲ್ಲಿ.) 1984ರ ಆಗಸ್ಟ್ 15ರಿಂದ ಯು.ಜಿ.ಸಿ.ಯ ಪಾಠಗಳು ದೂರದರ್ಶನದಲ್ಲಿ ಬಂದವು. 1985ರಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತು. ದಕ್ಷಿಣ ದಿಲ್ಲಿಯ ಮೈದಾನ್ ಗಢಿಯಲ್ಲಿ ಅದರ ಕೇಂದ್ರ. 1987ರಲ್ಲಿ ಅದು 4,528 ವಿದ್ಯಾರ್ಥಿಗಳೊಂದಿಗೆ ಪಾಠ ಶುರು ಮಾಡಿತು. ಇವುಗಳಿಗೆ ಸೇರಿದವರಲ್ಲಿ ಕೆಲಸದಲ್ಲಿದ್ದವರು, ಸಂಸಾರ ಹೊತ್ತವರು, ಕಾಲೇಜಿನಲ್ಲಿ ಸೀಟು ಸಿಗದವರು ಇದ್ದರು. ದೂರಶಿಕ್ಷಣವೆಂದು ತಿಳಿದೇ ಅವರು ಅರ್ಜಿ ಹಾಕಿದ್ದರು.

2020ರಲ್ಲಿ ಆದದ್ದೇ ಬೇರೆ. ಮಾರ್ಚ್‌ನಲ್ಲಿ ಕೊರೋನಾ ಬಂದು ಕಾಲೇಜುಗಳು ಮುಚ್ಚಿದವು, ಹಾಸ್ಟೆಲಿನವರು, ಪಿ.ಜಿ.ಗಳಲ್ಲಿದ್ದವರು ಗಂಟುಮೂಟೆ ಕಟ್ಟಿಕೊಂಡು ಊರು ಸೇರಿದರು. ದಿಲ್ಲಿಯ ಕಾಲೇಜೆಂದರೆ ಅದರ ವಿದ್ಯಾರ್ಥಿಗಳು ದಿಲ್ಲಿಯವರೇ ಅಲ್ಲವಷ್ಟೆ. ಬಿಹಾರದ ಹಳ್ಳಿ, ಮಣಿಪುರದ ಬೆಟ್ಟ, ಕಾಶ್ಮೀರದ ಕಣಿವೆ ಎಲ್ಲ ಕಡೆಯಿಂದ ಬಂದವರು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು 2017-18ರಲ್ಲಿ ನಡೆದಾಗ, ದೇಶದಲ್ಲಿ ಇಂಟರ್ನೆಟ್ ಸೌಲಭ್ಯವಿದ್ದ ಮನೆಗಳು ನೂರಕ್ಕೆ 23.8. ಪಟ್ಟಣಗಳಲ್ಲಿ 42, ಹಳ್ಳಿಗಳಲ್ಲಿ 14.9. ಕಂಪ್ಯೂಟರ್ ಇದ್ದದ್ದು ನೂರರಲ್ಲಿ 10.7 ಮನೆಗಳಲ್ಲಿ ಮಾತ್ರ. ಕಾಶ್ಮೀರದ ಬಹುಪಾಲು ಜಿಲ್ಲೆಗಳಲ್ಲಂತೂ 2020ರಲ್ಲಿ 2ಜಿ ಮಾತ್ರ ಇತ್ತು. ಪೂರ್ತಿ 4ಜಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ನಮ್ಮ ಮಲೆನಾಡಿನ ಹುಡುಗರು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದ್ದನ್ನು ನೀವೂ ಓದಿದ್ದೀರಿ, ಕೆಲವರು ಹತ್ತಿಯೂ ಇದ್ದೀರಿ.

ಇಂಥ ಹೊತ್ತಿನಲ್ಲಿ ದಿಲ್ಲಿ ವಿಶ್ವವಿದ್ಯಾನಿಲಯ ಕೊನೆಯ ವರ್ಷದವರಿಗೆ ‘ತೆರೆದ ಪುಸ್ತಕದ ಪರೀಕ್ಷೆ’ಯನ್ನು ಆನ್‌ಲೈನಿನಲ್ಲಿ ಇಟ್ಟಿತು. ಪ್ರಶ್ನೆಪತ್ರಿಕೆಯನ್ನು ಇಳಿಸಿಕೊಂಡು, ಕಾಗದದ ಮೇಲೆ ಉತ್ತರ ಬರೆದು, ಪುಟಗಳ ಚಿತ್ರ ತೆಗೆದು, ಹೊತ್ತು ಮುಗಿಯುವುದರೊಳಗೆ ಏರಿಸಬೇಕು. ಮೊದಲು ಅಣಕು ಪರೀಕ್ಷೆ ನಡೆಸಿದಾಗಲೇ ತೊಡಕುಗಳು ಕಂಡವು. ವಿಷಯ ದಿಲ್ಲಿ ಹೈಕೋರ್ಟಿಗೆ ಹೋಯಿತು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಓದಿಹೇಳುವವರು ಯಾರು, ಬರೆದುಕೊಡುವವರು ಯಾರು ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಹೆಚ್ಚಿನ ಸಮಯ ಕೊಡಬೇಕೆಂದು ಹೇಳಿ ಕೋರ್ಟು ಪರೀಕ್ಷೆಗೆ ಅವಕಾಶ ಕೊಟ್ಟಿತು. ಆಗಸ್ಟ್ 10ರಿಂದ ಪರೀಕ್ಷೆ ನಡೆಯಿತು. ವಿದ್ಯಾರ್ಥಿಗಳು ಬರೆದರು, ಏರಿಸಿದರು, ಪಾಸಾದರು.

ಹಾಗಾದರೆ ಅವರು ತಂತ್ರಜ್ಞಾನವನ್ನು ‘ಸ್ವೀಕರಿಸಿದರು’ ಅನ್ನೋಣವೇ? ಶಬ್ದದ ಜಗಳ ಇಲ್ಲಿದೆ. ಕನ್ನಡದಲ್ಲಿ ಒಪ್ಪುವುದು ಬೇರೆ, ಒಗ್ಗುವುದು ಬೇರೆ. ಹೆಣ್ಣು ಗಂಡನ್ನು ಒಪ್ಪಬೇಕು. ಬೇರೆ ಊರಿನ ನೀರು ಮೈಗೆ ಒಗ್ಗಬೇಕು. ಒಪ್ಪುವವನಿಗೆ ಬೇಡವೆನ್ನುವ ದಾರಿ ಇರುತ್ತದೆ. ಒಗ್ಗಿಕೊಳ್ಳುವವನಿಗೆ ಅದು ಬಹಳ ಸಲ ಇರುವುದೇ ಇಲ್ಲ. ಟೊರಾಂಟೊದ ನೌಕರನೊಬ್ಬ ಕಂಪ್ಯೂಟರಿನ ಅಂಚೆ ಬೇಡವೆಂದರೆ ಟೆಲಿಫೋನ್ ಎತ್ತಬಹುದಿತ್ತು. 2020ರ ನಮ್ಮ ವಿದ್ಯಾರ್ಥಿ ಬೇಡವೆಂದರೆ ಆ ವರ್ಷವೇ ಹೋಗುತ್ತಿತ್ತು. 2003ರ ಸಂಶೋಧಕರಿಗೂ ಈ ವ್ಯತ್ಯಾಸ ಗೊತ್ತಿತ್ತು. ಸ್ವಇಚ್ಛೆಯ ಬಳಕೆ, ಕಡ್ಡಾಯದ ಬಳಕೆ ಎಂದು ಅವರು ಬೇರೆ ಬೇರೆ ಮಾಡಿಯೇ ನೋಡಿದ್ದಾರೆ. ಆದರೆ ನನ್ನ ಫೋನಿಗೆ ಬಂದ ಪ್ರಶ್ನಾವಳಿಗಳಲ್ಲಿ ‘ನಿನಗೆ ಬೇರೆ ದಾರಿ ಇತ್ತೇ?’ ಎಂಬ ಪ್ರಶ್ನೆಯನ್ನು ನಾನು ಕಂಡಿಲ್ಲ.

ಇನ್ನೊಂದು ತೊಡಕು. ಆ ಪ್ರಶ್ನಾವಳಿ ಬರುವುದೇ ಇಂಟರ್ನೆಟ್ಟಿನ ಮೂಲಕ. ಫೋನ್ ಇಲ್ಲದೆ ಪಾಠ ಬಿಟ್ಟವಳ ಉತ್ತರ ಅದರಲ್ಲಿ ಸೇರುವುದು ಹೇಗೆ? ಬಸ್ಸಿನೊಳಗೆ ಕೂತವರನ್ನು ಮಾತ್ರ ಕೇಳಿ ‘ಊರಿಗೆಲ್ಲಾ ಬಸ್ ಸಿಕ್ಕಿತು’ ಎಂದು ವರದಿ ಬರೆದ ಹಾಗಾಯಿತು. ಲೆಕ್ಕಾಚಾರ ಎಷ್ಟೇ ಶುದ್ಧವಾಗಿರಲಿ, ಬಿಟ್ಟುಹೋದವರನ್ನು ಅದು ಮರಳಿ ತರಲಾರದು.

ಇಷ್ಟು ಹೇಳಿದ್ದಕ್ಕೆ ನಾನು ಆನ್‌ಲೈನ್ ಕಲಿಕೆಯ ವಿರೋಧಿ ಎಂದು ತಿಳಿಯಬೇಡಿ. ಅರ್ಥವಾಗದ ಪಾಠವನ್ನು ನಿಲ್ಲಿಸಿ ಮತ್ತೆ ಕೇಳುವ ಸೌಕರ್ಯ ಯಾವ ತರಗತಿಯಲ್ಲಿದೆ? ಐ.ಐ.ಟಿ. ಮತ್ತು ನಮ್ಮ ಬೆಂಗಳೂರಿನ ಐ.ಐ.ಎಸ್ಸಿ.ಯ ಮೇಷ್ಟ್ರುಗಳ ಪಾಠಗಳು ಎನ್.ಪಿ.ಟಿ.ಇ.ಎಲ್. ಯೋಜನೆಯಿಂದಾಗಿ ಯಾರಿಗೆ ಬೇಕಾದರೂ ಬಿಟ್ಟಿ ಸಿಗುತ್ತವೆ. ದಿಲ್ಲಿಯ ಚಳಿಯಲ್ಲಿ ಕೋಣೆಯೊಳಗೆ ಕೂತು ಧಾರವಾಡದ ಉಪನ್ಯಾಸ ಕೇಳಿದವನು ನಾನು. ಅದನ್ನು ನಾನು ಒಪ್ಪಿದ್ದೇನೆ, ಯಾಕೆಂದರೆ ಆರಿಸಿಕೊಂಡದ್ದು ನಾನೇ. ಉಪಯೋಗ, ಸಲೀಸು, ಅನುಕೂಲ ಎಂಬ ಅಳತೆಗೋಲುಗಳೂ ಸುಳ್ಳಲ್ಲ. ಅಳೆಯುವವರು ಅವುಗಳಲ್ಲಿ ಅನುಕೂಲವನ್ನು ಕೊನೆಗೆ ಇಡದೆ ಮೊದಲಿಗೆ ಇಡಬೇಕು ಎಂಬುದಷ್ಟೇ ನನ್ನ ವಾದ.

ಇದು ಮುಗಿದುಹೋದ ಕಾಲದ ಮಾತೂ ಅಲ್ಲ. 2017ರಲ್ಲಿ ಕೇಂದ್ರ ಸರ್ಕಾರ ‘ಸ್ವಯಂ’ ಎಂಬ ಆನ್‌ಲೈನ್ ಪಾಠಗಳ ವ್ಯವಸ್ಥೆಯನ್ನು ಆರಂಭಿಸಿತು. 2021ರ ಯು.ಜಿ.ಸಿ. ನಿಯಮದಂತೆ ಒಂದು ಅವಧಿಯ ಪಾಠಗಳಲ್ಲಿ ನೂರಕ್ಕೆ 40ರವರೆಗೆ ಅದರಿಂದಲೇ ಪಡೆಯಲು ಕಾಲೇಜುಗಳು ಅನುಮತಿ ಕೊಡಬಹುದು. ಇದು ವಿದ್ಯಾರ್ಥಿಯ ಆಯ್ಕೆಯಾಗಿ ಬಂದರೆ ಸಂತೋಷ. ಮೇಷ್ಟ್ರನ್ನು ನೇಮಿಸದೆ ‘ಅದರಲ್ಲೇ ನೋಡಿಕೊಳ್ಳಿ’ ಅನ್ನುವ ನೆಪವಾಗಿ ಬಂದರೆ? ಆಗ ‘ವಿದ್ಯಾರ್ಥಿಗಳು ಸ್ವೀಕರಿಸಿದ್ದಾರೆ’ ಎಂಬ ವರದಿಗಳೇ ಆ ನೆಪಕ್ಕೆ ಸಾಕ್ಷಿ ಹೇಳಬಹುದು. ನಾವು ಎಚ್ಚರವಾಗಿರಬೇಕಾದದ್ದು ಇಲ್ಲಿ.

ನಮ್ಮ ಸಂಘದವರು ಒಂದು ಕೆಲಸ ಮಾಡಬಹುದು. ಫೋನನ್ನು ಪಕ್ಕಕ್ಕಿಟ್ಟು, ಕಾಗದ ಪೆನ್ನು ಹಿಡಿದು, ಹಾಸ್ಟೆಲಿನ ಕೋಣೆ ಕೋಣೆಗೂ, ಪಾಠ ಬಿಟ್ಟವರ ಮನೆಗೂ ಹೋಗಿ ಕನ್ನಡದಲ್ಲೇ ಮೂರು ಪ್ರಶ್ನೆ ಕೇಳೋಣ. ನೀನು ಪಾಠ ಕೇಳಿದ ಫೋನ್ ಯಾರದು? ಮನೆಯಲ್ಲಿ ಎಲ್ಲಿ ಕೂತು ಕೇಳಿದೆ? ಬೇಡವೆನ್ನಬಹುದಾಗಿದ್ದರೆ ಬೇಡವೆನ್ನುತ್ತಿದ್ದೆಯಾ? ಐದು ಗುಂಡಿಗಳಲ್ಲಿ ಈ ಉತ್ತರಗಳು ಹಿಡಿಯುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳಬೇಕು. ಅದು ಸಾಹಿತ್ಯ ಓದುವ ನಮಗೆ ಬರಬೇಕಾದ ವಿದ್ಯೆಯೇ ಅಲ್ಲವೇ?