ಮಗುವಿನ ನಿದ್ರೆ

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯ ಸುತ್ತಿನ ಸೀಮೆಯಲ್ಲಿ ರೇಷ್ಮೆ ಬೆಳೆಯುವ ದಂಪತಿಗಳು ಒಂದು ನಿಯಮವನ್ನು ಬಲ್ಲರು. ಹುಳುವು ‘ಜ್ವರ’ಕ್ಕೆ ಕುಳಿತಾಗ, ಅಂದರೆ ಪೊರೆ ಕಳಚುವಾಗ, ಸೊಪ್ಪು ಹಾಕುವುದಿಲ್ಲ, ತಟ್ಟೆಯನ್ನು ಅಲುಗಿಸುವುದಿಲ್ಲ. ಆ ವಿಶ್ರಾಂತಿಗೆ ಭಂಗ ಬಂದರೆ ಬೆಳೆ ಕೆಡುತ್ತದೆ. ಮಗುವಿನ ನಿದ್ರೆಯೂ ಅಂತಹುದೇ. ಬೆಳವಣಿಗೆಯ ಹಾರ್ಮೋನು ಗಾಢ ನಿದ್ರೆಯಲ್ಲಿ ಹೆಚ್ಚಾಗಿ ಸ್ರವಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತಿಳಿಸಿರುವಂತೆ, ಹಗಲು ನಿದ್ರೆಯೂ ಸೇರಿ, 1ರಿಂದ 2 ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, 3ರಿಂದ 4 ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ರೆ ಅವಶ್ಯಕ.

ನಾಲ್ಕನೆಯ ಜ್ವರ ಎದ್ದ ಹುಳುವಿಗೆ ರಾತ್ರಿಯೂ ಸೊಪ್ಪು ಬೇಕು. ಮನೆಯಲ್ಲಿ ದೀಪ ಉರಿಯುತ್ತದೆ, ಮಗುವೂ ಎಚ್ಚರವಾಗಿರುತ್ತದೆ. ಆಗ ಪತಿಪತ್ನಿಯರು ಕೆಲಸವನ್ನು ಹಂಚಿಕೊಳ್ಳಬೇಕು. ಒಬ್ಬರು ಸೊಪ್ಪು ಹಾಕುವಾಗ ಮತ್ತೊಬ್ಬರು ಮಗುವನ್ನು ಬೆಳಕಿಲ್ಲದ ಕಡೆ, ಸೊಳ್ಳೆಪರದೆಯೊಳಗೆ ಮಲಗಿಸಲಿ. ಪ್ರತಿದಿನವೂ ಒಂದೇ ವೇಳೆ, ಒಂದೇ ಕ್ರಮವಿರಲಿ: ಊಟ, ಕೈಕಾಲು ತೊಳೆಯುವುದು, ಜೋಗುಳ ಇಲ್ಲವೇ ಕಥೆ, ನಂತರ ಹಾಸಿಗೆ. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಟಿ.ವಿ., ಮೊಬೈಲುಗಳನ್ನು ನಿಲ್ಲಿಸಿರಿ. ಹಠ ಮಾಡಿತೆಂದು ಮಂಪರಿನ ಔಷಧಿಯನ್ನು ಎಂದಿಗೂ ಕೊಡಕೂಡದು. ನಿದ್ರೆಯಲ್ಲಿ ಪ್ರತಿರಾತ್ರಿ ಗೊರಕೆ, ಉಸಿರಿನ ಕಷ್ಟ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ.

ರೇಷ್ಮೆಯ ಬೆಳೆ ವರ್ಷಕ್ಕೆ ಹಲವು ಬಾರಿ ಬರುತ್ತದೆ. ಮಗುವಿನ ಎಳೆಯ ವಯಸ್ಸು ಬರುವುದು ಒಂದೇ ಬಾರಿ.